ಮೊದಲ ಪಂಕ್ತಿ ಯಾರಿಗೆ?

ಆಫೀಸಿನಲ್ಲಿ ಅಕಸ್ಮಾತ್ ಒಂದು ಫೈಲ್ ಡಿಲೀಟ್ ಆದರೆ ನಾವು ಏನು ಮಾಡ್ತೀವಿ? ಐಟಿಯವರಿಗೆ ಟಿಕೆಟ್ ಹಾಕ್ತೀವಿ. ‘ನಿನ್ನೆ ರಾತ್ರಿಯ ಬ್ಯಾಕಪ್‌ನಿಂದ ತೆಗೆದುಕೊಡಿ’ ಅಂತೀವಿ. ನಿನ್ನೆ ರಾತ್ರಿ ಬ್ಯಾಕಪ್ ಆಗೇ ಆಗಿರುತ್ತೆ ಅನ್ನೋದರಲ್ಲಿ ನಮಗೆ ಅನುಮಾನವೇ ಇರಲ್ಲ. ಬೆಳಗ್ಗೆ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ ಬಿದ್ದಿರುತ್ತೆ ಅನ್ನೋವಷ್ಟೇ ಗಟ್ಟಿ ನಂಬಿಕೆ ಅದು. ಆದರೆ ದೊಡ್ಡ ಕಂಪನಿಯೊಂದರ ಡೇಟಾ ಸೆಂಟರ್‌ನಲ್ಲಿ ಆ ರಾತ್ರಿ ನಡೆದದ್ದೇ ಬೇರೆ. ನೂರಾರು ಸರ್ವರ್‌ಗಳು ಬೆರಳೆಣಿಕೆಯ ಟೇಪ್ ಡ್ರೈವ್‌ಗಳ ಮುಂದೆ ಸಾಲುಗಟ್ಟಿ ನಿಂತಿದ್ದವು. ಕೆಲವು ಬೇಗ ಒಳಗೆ ಹೋದವು, ಕೆಲವು ಗಂಟೆಗಟ್ಟಲೆ ಕಾದವು. ಬೆಳಗಾಗುವಷ್ಟರಲ್ಲಿ ಒಂದಷ್ಟಕ್ಕೆ ಸರದಿ ಬರಲೇ ಇಲ್ಲ. ನಿಮ್ಮ ಫೈಲ್ ಇದ್ದ ಸರ್ವರ್ ಇವುಗಳಲ್ಲಿ ಯಾವ ಗುಂಪಿನಲ್ಲಿತ್ತು ಅನ್ನೋದನ್ನ ಯಾವತ್ತೋ ಯಾರೋ ಒಂದು ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಒಂದು ಸಂಖ್ಯೆ ತೀರ್ಮಾನಿಸಿತ್ತು. ಆ ಸಂಖ್ಯೆಯ ಹೆಸರು ಪ್ರಯಾರಿಟಿ.

ಈ ಸಂಖ್ಯೆಗೂ ಒಂದು ಚರಿತ್ರೆ ಇದೆ. ಕಂಪ್ಯೂಟರ್ ಇತಿಹಾಸ ಅಂದರೆ ನಾವು ಓದೋದು ಚಿಪ್ಪು, ಇಂಟರ್‌ನೆಟ್ಟು, ಗ್ಯಾರೇಜಿನಲ್ಲಿ ಶುರುವಾದ ಕಂಪನಿಗಳ ಕಥೆಯನ್ನ. ಸಾಲಿನಲ್ಲಿ ನಿಂತವರ ಕಥೆ ಯಾರೂ ಹೇಳಲ್ಲ.

ಮೊದಲು ಟೇಪಿನ ಸ್ವಭಾವ ತಿಳ್ಕೋಬೇಕು. ಮದುವೆ ಛತ್ರದ ಊಟದ ಹಾಲ್ ನೆನಪು ಮಾಡ್ಕೊಳ್ಳಿ. ಪಂಕ್ತಿಯಲ್ಲಿ ಕೂತವರನ್ನ ಎಲೆ ಮುಂದಿನಿಂದ ಎಬ್ಬಿಸೋ ಹಾಗಿಲ್ಲ. ಹುಡುಗನ ಸೋದರಮಾವನೇ ಬಂದರೂ ಈ ಪಂಕ್ತಿ ಏಳೋತನಕ ಕುರ್ಚಿ ಹಿಂದೆ ನಿಂತು ಕಾಯಬೇಕು. ಟೇಪ್ ಡ್ರೈವ್ ಹಾಗೇನೇ. ಹಾರ್ಡ್‌ಡಿಸ್ಕ್ ದರ್ಶಿನಿ ಹೋಟೆಲ್ ಥರ. ಒಂದೇ ಹೊತ್ತಿಗೆ ಹತ್ತು ಜನ ಅಲ್ಲಲ್ಲೇ ನಿಂತು ತಿನ್ನಬಹುದು, ಮಧ್ಯದಲ್ಲಿ ತಟ್ಟೆ ಇಟ್ಟು ಫೋನ್ ಮಾಡಿ ಬರಬಹುದು. ಟೇಪ್‌ನಲ್ಲಿ ಅದು ಸಾಧ್ಯವಿಲ್ಲ. ಕಾರ್ಟ್ರಿಜ್ ಒಳಗೆ ಹಾಕಬೇಕು, ದಾರ ಸುತ್ತಿಕೊಳ್ಳಬೇಕು, ಬೇಕಾದ ಜಾಗದ ತನಕ ಓಡಬೇಕು, ಆಮೇಲೆ ಬರೆಯಬೇಕು. ಮಧ್ಯದಲ್ಲಿ ಎಬ್ಬಿಸಿದರೆ ಅಷ್ಟೂ ಕೆಲಸ ದಂಡ. ಹೀಗಾಗಿ ಡ್ರೈವ್ ಒಮ್ಮೆ ಕೈಗೆ ಸಿಕ್ಕವನು ಅದನ್ನ ಬಿಡೋತನಕ ಉಳಿದವರೆಲ್ಲ ಕಾಯಲೇಬೇಕು. ಆದ್ದರಿಂದ ‘ಮೊದಲು ಯಾರು’ ಅನ್ನೋ ಪ್ರಶ್ನೆ ಟೇಪಿನ ಜೊತೆಗೇ ಹುಟ್ಟಿತು.

ಕಾಂತೀಯ ಟೇಪನ್ನ ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ 1928ರಲ್ಲಿ ರೂಪಿಸಿದ್ದು ಧ್ವನಿಮುದ್ರಣಕ್ಕೆ. ಅದು ಕಂಪ್ಯೂಟರ್‌ಗೆ ಬಂದದ್ದು 1951ರಲ್ಲಿ, ಅಮೆರಿಕದ ಜನಗಣತಿ ಇಲಾಖೆ ಪಡೆದ ಯುನಿವ್ಯಾಕ್ ಯಂತ್ರದ ಜೊತೆ. ಅದರ ಟೇಪ್ ಪ್ಲಾಸ್ಟಿಕ್ ಅಲ್ಲ, ಲೋಹದ ಪಟ್ಟಿ. ಮರುವರ್ಷ ಐಬಿಎಂ ತನ್ನ 726 ಟೇಪ್ ಡ್ರೈವ್ ಘೋಷಿಸಿತು. ಇಂಚಿಗೆ 100 ಬಿಟ್, ಸೆಕೆಂಡಿಗೆ 75 ಇಂಚು ವೇಗ. ಆಗ ಟೇಪ್ ಅಂದರೆ ಬ್ಯಾಕಪ್ ಅಲ್ಲ, ಅದೇ ಮೂಲ ಸಂಗ್ರಹ. ಸಂಬಳದ ಲೆಕ್ಕ, ವಿಮೆ ಪಾಲಿಸಿ, ಜನಗಣತಿ ಎಲ್ಲವೂ ರೀಲುಗಳಲ್ಲೇ ಇರ್ತಿದ್ದವು.

ಆ ಕಾಲದಲ್ಲಿ ಸಾಲನ್ನ ಸಂಭಾಳಿಸ್ತಿದ್ದವನು ಆಪರೇಟರ್. ಯಂತ್ರ ‘ಇಂಥ ನಂಬರಿನ ರೀಲ್ ಹಾಕು’ ಅಂತ ಕನ್ಸೋಲ್‌ನಲ್ಲಿ ಟೈಪ್ ಮಾಡುತ್ತೆ. ಆತ ಎದ್ದು, ಕಪಾಟಿನಿಂದ ರೀಲ್ ತೆಗೆದು, ಡ್ರೈವ್‌ಗೆ ಏರಿಸ್ತಾನೆ. ರೀಲಿನ ಹಿಂದೆ ಒಂದು ಪ್ಲಾಸ್ಟಿಕ್ ಬಳೆ ಇದ್ದರೆ ಮಾತ್ರ ಅದರ ಮೇಲೆ ಬರೆಯಬಹುದು. ಬಳೆ ತೆಗೆದರೆ ಓದೋದಷ್ಟೇ. ಎರಡು ಜಾಬ್ ಒಟ್ಟಿಗೆ ಬಂದು ಒಂದೇ ಡ್ರೈವ್ ಖಾಲಿ ಇದ್ದರೆ ಯಾರದ್ದು ಮೊದಲು ಅಂತ ಆತನೇ ನಿರ್ಧರಿಸಬೇಕು. ಸಂಬಳದ ದಿನ ನಾಳೆ ಅಂತ ಅವನಿಗೆ ಗೊತ್ತಿರ್ತಿತ್ತು. ಯಾವ ಮ್ಯಾನೇಜರ್ ಸುಮ್ಮನೆ ಕೂಗಾಡ್ತಾನೆ, ಯಾರಿಗೆ ನಿಜವಾಗಿಯೂ ಅರ್ಜೆಂಟಿದೆ ಅನ್ನೋದೂ ಗೊತ್ತಿರ್ತಿತ್ತು. ಪಕ್ಷಪಾತವೂ ಇದ್ದಿರಬಹುದು. ಆದರೆ ಸಾಲು ಕಣ್ಣಿಗೆ ಕಾಣ್ತಿತ್ತು. ಮೇಜಿನ ಮೇಲೆ ಮೂರು ದಿನದಿಂದ ಬಿದ್ದಿರೋ ಕಾರ್ಡಿನ ಕಟ್ಟು ಕಂಡರೆ ‘ಪಾಪ ಇದೊಂದು ಉಳಿದುಹೋಯ್ತಲ್ಲ’ ಅಂತ ಅನ್ನಿಸೋದಕ್ಕೆ ಅಲ್ಲೊಬ್ಬ ಮನುಷ್ಯ ಇದ್ದ.

ಲಕ್ಷಾಂತರ ಡಾಲರ್ ಯಂತ್ರ, ಮನುಷ್ಯ ಎದ್ದು ಹೋಗಿ ಬರೋತನಕ ಸುಮ್ಮನೆ ಕೂರೋದು ಕಂಪನಿಗಳಿಗೆ ಹೊಟ್ಟೆ ಉರಿಯೋ ವಿಷಯ. 1956ರಲ್ಲಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸೇರಿ ಐಬಿಎಂ 704 ಯಂತ್ರಕ್ಕೆ ಒಂದು ಪ್ರೋಗ್ರಾಂ ಬರೆದರು. ಒಂದು ಜಾಬ್ ಮುಗಿದ ತಕ್ಷಣ ಮುಂದಿನದ್ದನ್ನ ಅದೇ ಎತ್ತಿಕೊಳ್ಳುತ್ತೆ. ಮೊದಮೊದಲ ಆಪರೇಟಿಂಗ್ ಸಿಸ್ಟಂಗಳಲ್ಲಿ ಇದೂ ಒಂದು. ಇದಾದ ಮೇಲೆ ಜಾಬ್‌ಗಳನ್ನ ಒಂದು ಚಿಕ್ಕ ಯಂತ್ರದಲ್ಲಿ ಟೇಪಿಗೆ ಏರಿಸಿ, ಆ ಟೇಪನ್ನ ದೊಡ್ಡ ಯಂತ್ರಕ್ಕೆ ಕೊಡೋ ಪದ್ಧತಿ ಬಂತು. ಟೇಪಿನಲ್ಲಿ ಏರಿದ ಕ್ರಮವೇ ಸರದಿ. ಒಮ್ಮೆ ಏರಿದ ಮೇಲೆ ಬ್ರಹ್ಮ ಬಂದರೂ ನಿಮ್ಮನ್ನ ಮುಂದಕ್ಕೆ ತಳ್ಳೋಕಾಗಲ್ಲ.

ಸಾಲನ್ನ ಮುರಿದು ಮತ್ತೆ ಜೋಡಿಸಬಹುದಾದ ಉಪಾಯ ಬಂದದ್ದು ಡಿಸ್ಕ್ ಬಂದ ಮೇಲೆ. ಅದರಲ್ಲಿ ಹೆಸರಾದದ್ದು ಹೂಸ್ಟನ್ನಿನ ಕಥೆ. 1960ರ ದಶಕದ ನಡುಭಾಗ, ನಾಸಾದ ಬಾಹ್ಯಾಕಾಶ ಕೇಂದ್ರ, ಚಂದ್ರನ ಮೇಲೆ ಮನುಷ್ಯನನ್ನ ಇಳಿಸೋ ತಯಾರಿ. ಅಲ್ಲಿನ ಐಬಿಎಂ 360 ಯಂತ್ರಗಳಲ್ಲಿ ಕೆಲಸಗಳು ಗುಡ್ಡೆ ಬೀಳ್ತಿದ್ದವು. ಅಲ್ಲಿದ್ದ ಐಬಿಎಂ ಎಂಜಿನಿಯರ್‌ಗಳು ಬರೆದ ಸಾಫ್ಟ್‌ವೇರ್ ಹೆಸರು ಹ್ಯಾಸ್ಪ್. ಬಿಡಿಸಿ ಹೇಳಿದರೆ ಹೂಸ್ಟನ್ ಆಟೊಮ್ಯಾಟಿಕ್ ಸ್ಪೂಲಿಂಗ್ ಪ್ರಯಾರಿಟಿ. ಕೊನೆಯ ಪದ ನೋಡಿ. ಆದ್ಯತೆ ಅನ್ನೋದು ಸಾಫ್ಟ್‌ವೇರಿನ ಹೆಸರಲ್ಲೇ ಸೇರಿಕೊಂಡಿತ್ತು. ಬಂದ ಜಾಬ್‌ಗಳನ್ನೆಲ್ಲ ಡಿಸ್ಕಿನ ಮೇಲೆ ಹರಡಿಟ್ಟುಕೊಂಡು, ಯಾವುದನ್ನ ಮೊದಲು ಎತ್ತಬೇಕು ಅಂತ ಯಂತ್ರವೇ ನಿರ್ಧರಿಸೋದು ಅದರ ಕೆಲಸ.

ಹ್ಯಾಸ್ಪ್‌ನ ವಾರಸುದಾರ ಜೆಇಎಸ್2 ಇವತ್ತಿಗೂ ಬ್ಯಾಂಕುಗಳ ಮೇನ್‌ಫ್ರೇಮ್‌ಗಳಲ್ಲಿ ಬದುಕಿದೆ. ಅದರಲ್ಲಿ ಜಾಬ್ ಆದ್ಯತೆ 0ರಿಂದ 15ರ ತನಕ. ದೊಡ್ಡ ಸಂಖ್ಯೆಗೆ ಮೊದಲ ಪಂಕ್ತಿ. ಬಹಳ ಹೊತ್ತಿಂದ ಕಾಯ್ತಿರೋ ಜಾಬ್‌ನ ಆದ್ಯತೆಯನ್ನ ಹೊತ್ತು ಕಳೆದ ಹಾಗೆ ತಾನಾಗೇ ಏರಿಸೋ ವ್ಯವಸ್ಥೆಯೂ ಅದರಲ್ಲಿದೆ. ಇದನ್ನ ‘ಏಜಿಂಗ್’ ಅಂತಾರೆ. ಕಾದವನಿಗೆ ವಯಸ್ಸಾಯ್ತು, ಹಿರಿಯನಾದ, ಇನ್ನು ಅವನನ್ನ ಮುಂದೆ ಬಿಡಿ ಅನ್ನೋ ಲೆಕ್ಕ.

ಇಂಥ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತೆ? ಎಂಜಿನಿಯರಿಂಗ್ ಓದಿದವರು ಆಪರೇಟಿಂಗ್ ಸಿಸ್ಟಂ ಪಠ್ಯಪುಸ್ತಕದಲ್ಲಿ ಒಂದು ದಂತಕಥೆ ಓದಿರ್ತೀರಿ. ಎಂಐಟಿಯಲ್ಲಿ 1973ರಲ್ಲಿ ಐಬಿಎಂ 7094 ಯಂತ್ರವನ್ನ ನಿಲ್ಲಿಸಿದಾಗ, 1967ರಲ್ಲಿ ಯಾರೋ ಕೊಟ್ಟಿದ್ದ ಕಡಿಮೆ ಆದ್ಯತೆಯ ಜಾಬ್ ಒಂದು ಇನ್ನೂ ಸಾಲಿನಲ್ಲೇ ನಿಂತಿತ್ತಂತೆ. ಪುಸ್ತಕವೇ ಇದನ್ನ ವದಂತಿ ಅಂತ ಕರೆಯುತ್ತೆ, ನಾವೂ ಹಾಗೇ ತಗೊಳ್ಳೋಣ. ಆದರೆ ಐವತ್ತು ವರ್ಷದಿಂದ ಈ ಕಥೆ ಸಾಯದೆ ಉಳಿದಿದೆ ಅಂದರೆ ಅದಕ್ಕೆ ಕಾರಣ ಇದೆ. ಅಂಥ ಜಾಬ್‌ನ ಪರಿಚಯ ಎಲ್ಲರಿಗೂ ಇದೆ. ತಾಲ್ಲೂಕು ಕಚೇರಿಯಲ್ಲಿ ಫೈಲ್ ಒಂದು ಯಾರೂ ತಿರಸ್ಕರಿಸದೆ, ಯಾರೂ ಒಪ್ಪದೆ, ಬರೀ ‘ಮುಂದೆ ನೋಡೋಣ’ ಅನ್ನೋದರಲ್ಲೇ ಕೊಳೆತದ್ದನ್ನ ನೋಡಿದವರಿಗಂತೂ ವಿವರಿಸೋದೇ ಬೇಡ.

ನಮ್ಮಲ್ಲೂ ಇಂಥ ಸಾಲುಗಳಿದ್ದವು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದ್ದದ್ದು ಐಬಿಎಂ 360/44. ಆಗಿನ ಪದ್ಧತಿಯಲ್ಲಿ ಸಂಶೋಧಕರು ಕಾರ್ಡಿನ ಕಟ್ಟನ್ನ ಕೌಂಟರ್‌ನಲ್ಲಿ ಕೊಟ್ಟು, ಪ್ರಿಂಟ್‌ಔಟ್‌ಗೆ ಕಾಯಬೇಕು. ಒಂದು ಕಾಮಾ ತಪ್ಪಿದ್ದರೆ ಮತ್ತೆ ಸಾಲಿನ ಕೊನೆಗೆ.

ಇತ್ತ ಎಂಜಿನಿಯರ್‌ಗಳು ಯಂತ್ರ ಕಟ್ತಿದ್ದಾಗ ಅತ್ತ ಗಣಿತಜ್ಞರು ಸಾಲನ್ನೇ ಅಧ್ಯಯನ ಮಾಡ್ತಿದ್ದರು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ. ಕೆ. ಎರ್ಲಾಂಗ್ 1909ರಲ್ಲೇ ಕರೆಗಳ ದಟ್ಟಣೆಯ ಬಗ್ಗೆ ಪ್ರಬಂಧ ಬರೆದು ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ. ಆದ್ಯತೆ ಇರೋ ಸಾಲುಗಳ ಲೆಕ್ಕವನ್ನ 1954ರಲ್ಲಿ ಅಲನ್ ಕೋಬಮ್ ಬಿಡಿಸಿದ. ಆಮೇಲೆ 1965ರಲ್ಲಿ ಲೆನಾರ್ಡ್ ಕ್ಲೈನ್‌ರಾಕ್, ಮುಂದೆ ಇಂಟರ್‌ನೆಟ್ಟಿನ ಆದ್ಯರಲ್ಲಿ ಒಬ್ಬನೆನಿಸಿಕೊಂಡವನು, ಒಂದು ಸಂರಕ್ಷಣಾ ನಿಯಮ ಕೊಟ್ಟ. ಅದರ ಸಾರ ಇಷ್ಟು: ಯಂತ್ರ ಖಾಲಿ ಕೂರುತ್ತಿಲ್ಲ, ಹಿಡಿದ ಕೆಲಸವನ್ನ ಮಧ್ಯದಲ್ಲಿ ಬಿಡುತ್ತಿಲ್ಲ ಅಂದರೆ, ನೀವು ಆದ್ಯತೆಯನ್ನ ಹೇಗೇ ಹಂಚಿ, ಒಬ್ಬರ ಕಾಯುವಿಕೆ ಇಳಿಸಿದಷ್ಟೂ ಇನ್ನೊಬ್ಬರದ್ದು ಏರುತ್ತೆ. ಪ್ರತಿ ಗುಂಪಿನ ಹೊರೆಗೆ ತಕ್ಕಂತೆ ತೂಕ ಹಾಕಿ ಕೂಡಿದರೆ ಒಟ್ಟು ಕಾಯುವಿಕೆ ಅಷ್ಟೇ ಇರುತ್ತೆ.

ಇದನ್ನ ಎರಡು ಸಲ ಓದಿ. ಆದ್ಯತೆ ಹೊಸ ಡ್ರೈವ್ ತರಲ್ಲ, ರಾತ್ರಿಯನ್ನ ಉದ್ದ ಮಾಡಲ್ಲ. ಅದು ಕಾಯುವ ಕಷ್ಟವನ್ನ ಒಬ್ಬರ ತಲೆಯಿಂದ ಇಳಿಸಿ ಇನ್ನೊಬ್ಬರ ತಲೆ ಮೇಲೆ ಇಡುತ್ತೆ ಅಷ್ಟೇ. ಒಂದು ಸರ್ವರ್‌ಗೆ ‘ಹೈ’ ಅಂತ ಬರೆದಾಗ, ಹೆಸರು ಹೇಳದೆ ಬೇರೆ ಯಾವುದಕ್ಕೋ ‘ನೀನು ಕಾಯಿ’ ಅಂದ ಹಾಗಾಯ್ತು. ಸಾಲಿನ ಶಾಸ್ತ್ರ ಇನ್ನೊಂದು ಮಾತನ್ನೂ ಹೇಳುತ್ತೆ. ಯಾವಾಗೆಂದರೆ ಆವಾಗ ಕೆಲಸ ಬಂದು ಬೀಳೋ ಒಂದೇ ಡ್ರೈವ್ ಅರ್ಧ ಹೊತ್ತು ಬಿಝಿ ಇದ್ದರೆ, ಸರಾಸರಿ ಕಾಯುವಿಕೆ ಒಂದು ಜಾಬ್‌ನಷ್ಟು. 90 ಪರ್ಸೆಂಟ್ ಬಿಝಿ ಇದ್ದರೆ ಒಂಬತ್ತು ಜಾಬ್‌ನಷ್ಟು. 95ಕ್ಕೆ ಏರಿದರೆ ಹತ್ತೊಂಬತ್ತು. ‘ಡ್ರೈವ್‌ಗಳನ್ನ ಪೂರ್ತಿ ಬಳಸ್ಕೋತಾ ಇದೀವಿ’ ಅಂತ ಮೀಟಿಂಗ್‌ನಲ್ಲಿ ಸಂಭ್ರಮ ಪಡೋರು ಈ ಲೆಕ್ಕವನ್ನ ಪಕ್ಕದಲ್ಲಿಟ್ಟುಕೊಳ್ಳಬೇಕು.

ಈಗ ಬ್ಯಾಕಪ್ ಕಥೆಗೆ ಬರೋಣ. ಡಿಸ್ಕ್‌ಗಳು ಅಗ್ಗವಾಗ್ತಾ ಬಂದ ಹಾಗೆ ಮೂಲ ಡೇಟಾ ಡಿಸ್ಕಿಗೆ ಹೋಯ್ತು, ಟೇಪ್ ಎರಡನೇ ಪ್ರತಿಯ ಕೆಲಸಕ್ಕೆ ನಿಂತಿತು. ಹಗಲೆಲ್ಲ ಜನ ಕೆಲಸ ಮಾಡೋದರಿಂದ ನಕಲು ತೆಗೆಯೋದು ರಾತ್ರಿ. ಈ ರಾತ್ರಿಯ ಅವಧಿಗೆ ‘ಬ್ಯಾಕಪ್ ವಿಂಡೋ’ ಅನ್ನೋ ಹೆಸರು ಬಂತು. ಕಿಟಕಿ ತೆರೆದಿರೋದು ಆರೆಂಟು ಗಂಟೆ, ಅಷ್ಟರಲ್ಲಿ ಎಲ್ಲರೂ ದಾಟಬೇಕು. 1980ರ ದಶಕದಲ್ಲಿ ಒಂದು ದೊಡ್ಡ ಯಂತ್ರದ ಬದಲು ನೂರಾರು ವರ್ಕ್‌ಸ್ಟೇಷನ್‌ಗಳು ನೆಟ್‌ವರ್ಕಿನಲ್ಲಿ ಹರಡಿಕೊಂಡ ಮೇಲೆ ಆ ಕಿಟಕಿಯ ಮುಂದೆ ನೂಕುನುಗ್ಗಲು ಶುರುವಾಯ್ತು.

1987ರಲ್ಲಿ ಎರಡು ಸಂಗತಿ ನಡೆದವು. ಅಮೆರಿಕದ ಸ್ಟೋರೇಜ್‌ಟೆಕ್ ಕಂಪನಿ ಸುಮಾರು ಆರು ಸಾವಿರ ಕಾರ್ಟ್ರಿಜ್ ಹಿಡಿಸೋ ಒಂದು ದೊಡ್ಡ ಕಣಜದಂಥ ಲೈಬ್ರರಿ ತಂದಿತು. ಒಳಗೆ ರೋಬೋಟ್ ತೋಳು ತಾನೇ ಕಾರ್ಟ್ರಿಜ್ ಹುಡುಕಿ ಡ್ರೈವ್‌ಗೆ ಹಾಕುತ್ತೆ. ಕಪಾಟಿನಿಂದ ರೀಲ್ ತರ್ತಿದ್ದ ಆಪರೇಟರ್ ಕೆಲಸ ಹೋಗೋದಕ್ಕೆ ಶುರುವಾದದ್ದು ಹೀಗೆ. ಅದೇ ವರ್ಷ ಕ್ರೈಸ್ಲರ್ ಕಾರ್ ಕಂಪನಿ ತನ್ನ ವರ್ಕ್‌ಸ್ಟೇಷನ್‌ಗಳ ಬ್ಯಾಕಪ್‌ಗೆ ಒಂದು ಸಾಫ್ಟ್‌ವೇರ್ ಬರೆದುಕೊಡಿ ಅಂತ ಕಂಟ್ರೋಲ್ ಡೇಟಾ ಕಾರ್ಪೊರೇಷನ್ನನ್ನ ಕೇಳಿತು. ಅದೇ ಕೈಯಿಂದ ಕೈಗೆ ಸಾಗಿ ಓಪನ್‌ವಿಷನ್, ವೆರಿಟಾಸ್, ಸಿಮ್ಯಾಂಟೆಕ್, ಮತ್ತೆ ವೆರಿಟಾಸ್, ಈಗ ಕೊಹೆಸಿಟಿ ತನಕ ಬಂದಿರೋ ನೆಟ್‌ಬ್ಯಾಕಪ್. ನಮ್ಮ ಬೆಂಗಳೂರಿನ ಎಷ್ಟೋ ಹುಡುಗರ ಮೊದಲ ಸಂಬಳ ಇದರ ಹೆಸರಲ್ಲಿ ಬಂದಿದೆ. ಅದನ್ನ ಇನ್‌ಸ್ಟಾಲ್ ಮಾಡಿದಾಗ ಹುಟ್ಟೋ ಫೋಲ್ಡರಿಗೆ ‘ಓಪನ್‌ವಿ’ ಅನ್ನೋ ಹೆಸರು ಯಾಕೆ ಅಂತ ತಲೆ ಕೆರ್ಕೊಂಡವರಿಗೆ ಉತ್ತರ ಇಲ್ಲಿದೆ. ಅದು ತೊಂಬತ್ತರ ದಶಕದ ಯಜಮಾನನ ಹೆಸರು.

ರೋಬೋಟ್ ಬಂದಾಗ ಇನ್ನು ಸಾಲಿನ ತಾಪತ್ರಯ ತಪ್ಪಿತು ಅಂದುಕೊಂಡವರಿದ್ದರು. ತಪ್ಪಲಿಲ್ಲ. ಕಾರ್ಟ್ರಿಜ್ ಆರು ಸಾವಿರ ಇದ್ದರೂ ಡ್ರೈವ್ ಇರೋದು ಕೆಲವೇ. ಛತ್ರ ಎಷ್ಟು ದೊಡ್ಡದಾದರೇನು, ಬಡಿಸೋ ಸೌಟು ನಾಲ್ಕೇ ಇದ್ದರೆ?

ಸಾಲನ್ನ ಬೇರೆ ರೀತಿಯಲ್ಲಿ ನೋಡಿದವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು. ತೊಂಬತ್ತರ ದಶಕದ ಶುರುವಿನಲ್ಲಿ ಅವರು ಬರೆದ ಅಮಾಂಡಾ ಅನ್ನೋ ಉಚಿತ ಸಾಫ್ಟ್‌ವೇರ್ ಸರದಿಯನ್ನ ಕಾಯೋ ಬದಲು ಸರದಿಯ ಗಾತ್ರವನ್ನೇ ತಿದ್ದಿತು. ಎಲ್ಲರಿಗೂ ಶನಿವಾರವೇ ಪೂರ್ತಿ ಬ್ಯಾಕಪ್ ಬೇಕು ಅಂದರೆ ನೂಕುನುಗ್ಗಲು ಆಗೇ ಆಗುತ್ತೆ. ಅಮಾಂಡಾದ ಪ್ಲಾನರ್ ಪ್ರತಿ ರಾತ್ರಿ ಕೂತು ಲೆಕ್ಕ ಹಾಕುತ್ತೆ: ಇವತ್ತು ಯಾರಿಗೆ ಪೂರ್ತಿ, ಯಾರಿಗೆ ಬರೀ ಬದಲಾದ ಫೈಲ್‌ಗಳಷ್ಟೇ, ಹೊರೆ ಎಲ್ಲ ರಾತ್ರಿಗಳಿಗೂ ಸಮನಾಗಿ ಹಂಚಿತಾ. ಬಂದ ಡೇಟಾವನ್ನ ಮೊದಲು ಒಂದು ಡಿಸ್ಕಿನಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಟೇಪಿಗೆ ಇಳಿಸುತ್ತೆ. ಪ್ರತಿ ಡಿಸ್ಕಿಗೆ ಆದ್ಯತೆಯೂ ಇದೆ, ಆದರೆ ಟೇಪ್ ಸರಿಯಿದ್ದ ರಾತ್ರಿ ಅದಕ್ಕೆ ಕೆಲಸವೇ ಇಲ್ಲ! ಟೇಪ್ ಕೈಕೊಟ್ಟಾಗ ಮಾತ್ರ, ಹಿಡಿದಿಡೋ ಡಿಸ್ಕಿನಲ್ಲಿ ಇರೋ ಅಷ್ಟು ಜಾಗದಲ್ಲಿ ಯಾರದ್ದನ್ನ ಮೊದಲು ಉಳಿಸಬೇಕು ಅನ್ನೋದಕ್ಕೆ ಅದು ಬಳಕೆಗೆ ಬರುತ್ತೆ. ನೆಟ್ಟಗೆ ಯೋಜನೆ ಮಾಡಿದರೆ ದಿನಾ ಯಾರ ಮೇಲೆ ಯಾರು ಅಂತ ಜಗಳ ಬೇಕಿಲ್ಲ, ಆಪತ್ಕಾಲಕ್ಕೆ ಮಾತ್ರ ಬೇಕು. ಇಷ್ಟು ಸರಳ ವಿಚಾರ ಆಮೇಲೆ ಬಂದ ಎಷ್ಟೋ ದುಬಾರಿ ಸಾಫ್ಟ್‌ವೇರ್‌ ಬಳಸೋ ಕಡೆ ಮರೆತೇಹೋಯ್ತು.

ಸಾಫ್ಟ್‌ವೇರ್‌ಗಳು ಹೆಚ್ಚಾದ ಹಾಗೆ ಸಂಖ್ಯೆಗಳೂ ಬೆಳೆದವು. ನೆಟ್‌ಬ್ಯಾಕಪ್‌ನಲ್ಲಿ ಆದ್ಯತೆ 0ರಿಂದ 99999ರ ತನಕ, ದೊಡ್ಡದಕ್ಕೆ ಮಣೆ. 2000ರಲ್ಲಿ ಕರ್ನ್ ಸಿಬಾಲ್ಡ್ ಶುರುಮಾಡಿದ ಬಕುಲಾದಲ್ಲಿ ಉಲ್ಟಾ. ಸಣ್ಣ ಸಂಖ್ಯೆಯೇ ಮೊದಲು. ಮಾಮೂಲಿ ಜಾಬ್‌ಗೆ 10. ಯಾವ ಟೇಪಿನಲ್ಲಿ ಏನಿದೆ ಅಂತ ಬರೆದಿಟ್ಟ ಕ್ಯಾಟಲಾಗ್‌ನ ಬ್ಯಾಕಪ್‌ಗೆ 11, ಅಂದರೆ ಎಲ್ಲರದ್ದೂ ಮುಗಿದ ಮೇಲೆ. ಕಡಿಮೆ ಆದ್ಯತೆ ಅಂದರೆ ಕಡಿಮೆ ಮಹತ್ವ ಅಂತಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಕ್ಯಾಟಲಾಗ್ ಕಳೆದರೆ ಸಾವಿರ ಟೇಪು ಇದ್ದೂ ಕುರುಡಾದ ಹಾಗೆ. ಆದರೂ ಅದು ಕೊನೆಗೇ ಬರಬೇಕು, ಯಾಕೆಂದರೆ ಆ ರಾತ್ರಿಯ ಎಲ್ಲ ಕೆಲಸದ ಲೆಕ್ಕವೂ ಅದರಲ್ಲಿ ಸೇರಬೇಕು. ಮನೆಯವರೆಲ್ಲ ಉಂಡ ಮೇಲೆ ಉಣ್ಣೋ ಅಡುಗೆಯವಳು ಮನೆಯಲ್ಲಿ ಕೊನೆಯವಳೇನಲ್ಲ.

ಐಬಿಎಂನವರು 1993ರಲ್ಲಿ ತಂದು, ಆಮೇಲೆ ಟಿವೊಲಿ ಸ್ಟೋರೇಜ್ ಮ್ಯಾನೇಜರ್ ಅಂತ ಹೆಸರಾದ ಸಾಫ್ಟ್‌ವೇರ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಯಾರಾದರೂ ಫೈಲ್ ವಾಪಸ್ ಕೇಳಿ ಬಂದಾಗ ಡ್ರೈವ್ ಖಾಲಿ ಇಲ್ಲದಿದ್ದರೆ, ಕೂತು ಉಣ್ತಿರೋ ಬ್ಯಾಕಪ್ ಜಾಬನ್ನೇ ಅದು ಎಬ್ಬಿಸಿಬಿಡುತ್ತೆ. ಪಂಕ್ತಿ ನಿಯಮ ಮುರಿದದ್ದಕ್ಕೆ ಕಾರಣ ಬಲವಾಗಿದೆ. ಬ್ಯಾಕಪ್ ನಾಳೆಗಾಗಿ, ರಿಸ್ಟೋರ್ ಇವತ್ತಿಗಾಗಿ. ಮನೆಯಲ್ಲಿ ಸೋರ್ತಿರೋನು ಕೊಡೆ ಕೇಳಿದಾಗ ‘ತಾಳಿ, ನಾವು ಕೊಡೆ ತಯಾರಿಸ್ತಾ ಇದೀವಿ’ ಅನ್ನೋಕಾಗಲ್ಲ.

ಸಾಲಿಗೆ ಸಂಖ್ಯೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತಾ? 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಪಾಥ್‌ಫೈಂಡರ್ ನೌಕೆ ಇದಕ್ಕೆ ಉತ್ತರ ಕೊಟ್ಟಿತು. ಇಳಿದ ಕೆಲವೇ ದಿನಕ್ಕೆ ಅದರ ಕಂಪ್ಯೂಟರ್ ಮತ್ತೆ ಮತ್ತೆ ತಾನೇ ರೀಸೆಟ್ ಆಗತೊಡಗಿತು. ಭೂಮಿಯಲ್ಲಿ ಕೂತು ಹುಡುಕಿದಾಗ ಕಂಡದ್ದು ಹೀಗೆ: ಹವಾಮಾನ ಅಳೆಯೋ ಕಡಿಮೆ ಆದ್ಯತೆಯ ಕೆಲಸ ಒಂದು ಬೀಗ ಹಿಡಿದುಕೊಂಡಿದೆ. ಅತಿ ಹೆಚ್ಚು ಆದ್ಯತೆಯ ಕೆಲಸಕ್ಕೆ ಅದೇ ಬೀಗ ಬೇಕು, ಕಾಯ್ತಿದೆ. ಅಷ್ಟರಲ್ಲಿ ನಡುವಿನ ಆದ್ಯತೆಯವು ನುಗ್ಗಿ, ಬೀಗ ಹಿಡಿದವನನ್ನ ಕೆಲಸ ಮುಗಿಸೋಕೇ ಬಿಡ್ತಿಲ್ಲ. ಪರಿಣಾಮ, ಎಲ್ಲರಿಗಿಂತ ದೊಡ್ಡವನೇ ಎಲ್ಲರಿಗಿಂತ ಹಿಂದೆ. ಪರಿಹಾರವಾಗಿ, ಬೀಗ ಹಿಡಿದಷ್ಟು ಹೊತ್ತು ಚಿಕ್ಕವನಿಗೂ ದೊಡ್ಡವನ ಆದ್ಯತೆ ದಾಟಿಸೋ ಒಂದು ಆಯ್ಕೆಯನ್ನ ಇಲ್ಲಿಂದಲೇ ಆನ್ ಮಾಡಿದರು. ಟೇಪ್ ಲೈಬ್ರರಿಯಲ್ಲಿ ಇದರ ತಮ್ಮ ದಿನಾ ಸಿಗ್ತಾನೆ. ಅತಿ ಅರ್ಜೆಂಟ್ ರಿಸ್ಟೋರ್‌ಗೆ ಬೇಕಾದ ಕಾರ್ಟ್ರಿಜ್ ಯಾವುದೋ ಸಾಧಾರಣ ನಕಲು ಜಾಬ್‌ನ ಕೈಯಲ್ಲಿ ಸಿಕ್ಕಿಕೊಂಡಿರುತ್ತೆ. 99999 ಅಂತ ಬರೆದರೂ ಒಂದೇ ಕಾರ್ಟ್ರಿಜ್ ಎರಡು ಡ್ರೈವ್‌ನಲ್ಲಿ ಇರೋಕಾಗಲ್ಲವಲ್ಲ.

ಇಷ್ಟೆಲ್ಲ ಬುದ್ಧಿವಂತಿಕೆ ಬಂದ ಮೇಲೂ ಸಮಸ್ಯೆ ಯಾಕೆ ದೊಡ್ಡದಾಗ್ತಾ ಹೋಯ್ತು? ಒಂದು ಸಣ್ಣ ಲೆಕ್ಕ ಮಾಡೋಣ. ಹಳೆಯ 2400 ಅಡಿ ರೀಲು ಸೆಕೆಂಡಿಗೆ 75 ಇಂಚಿನಂತೆ ಓಡಿದರೆ ಪೂರ್ತಿ ಮುಗಿಯೋಕೆ ಬೇಕಾದದ್ದು ಆರೂವರೆ ನಿಮಿಷ. 2000ದಲ್ಲಿ ಬಂದ ಮೊದಲ ಎಲ್‌ಟಿಒ ಕಾರ್ಟ್ರಿಜ್ 100 ಜಿಬಿ. ಸೆಕೆಂಡಿಗೆ 20 ಎಂಬಿಯಂತೆ ತುಂಬಿದರೂ ಒಂದು ಗಂಟೆ 23 ನಿಮಿಷ. 2021ರ ಎಲ್‌ಟಿಒ-9ರಲ್ಲಿ 18 ಟಿಬಿ; ಸೆಕೆಂಡಿಗೆ 400 ಎಂಬಿ ವೇಗದಲ್ಲಿ ಒಂದು ಕಾರ್ಟ್ರಿಜ್ ತುಂಬೋಕೆ ಹನ್ನೆರಡೂವರೆ ಗಂಟೆ. ವೇಗ ಏರಿದ್ದಕ್ಕಿಂತ ಹೆಚ್ಚಾಗಿ ಗಾತ್ರ ಏರಿತು. ಪಂಕ್ತಿಯ ಊಟ ಆರು ನಿಮಿಷದ್ದಾಗಿದ್ದಾಗ ಯಾರು ಮೊದಲು ಅನ್ನೋದಕ್ಕೆ ಅಷ್ಟು ಬೆಲೆ ಇರಲಿಲ್ಲ. ಒಬ್ಬ ಕೂತರೆ ಇಡೀ ರಾತ್ರಿ ಏಳಲ್ಲ ಅಂದಾಗ ಮೊದಲು ಕೂರೋನು ಯಾರು ಅನ್ನೋದು ಜೀವನ್ಮರಣದ ಪ್ರಶ್ನೆಯಾಗುತ್ತೆ.

ಜೊತೆಗೆ ಟೇಪಿಗೆ ಒಂದು ಸಿಡುಕು ಸ್ವಭಾವ ಇದೆ. ಡೇಟಾ ನಿಧಾನವಾಗಿ ಬಂದರೆ ಅದು ನಿಲ್ಲಬೇಕು, ಹಿಂದಕ್ಕೆ ಹೋಗಬೇಕು, ಮತ್ತೆ ವೇಗ ಹಿಡಿದು ಮುಂದೆ ಬರಬೇಕು. ಶೂ ಪಾಲಿಶ್ ಮಾಡೋನ ಕೈಯಲ್ಲಿನ ಬಟ್ಟೆಯ ಹಾಗೆ ಹಿಂದೆ ಮುಂದೆ. ಇದರಿಂದ ಹೊತ್ತೂ ಹಾಳು, ಟೇಪೂ ಹಾಳು. ಅದಕ್ಕೇ ಹತ್ತಾರು ನಿಧಾನದ ಸರ್ವರ್‌ಗಳ ಡೇಟಾವನ್ನ ಹೆಣೆದು ಒಂದೇ ಟೇಪಿಗೆ ಬರೆಯೋ ಮಲ್ಟಿಪ್ಲೆಕ್ಸಿಂಗ್ ಬಂತು. ಸಾಲು ಬೇಗ ಕರಗಿತು. ಆದರೆ ಅದರಲ್ಲಿ ಒಬ್ಬನ ಫೈಲ್ ಬೇಕಾದಾಗ ಎಲ್ಲರದ್ದನ್ನೂ ದಾಟ್ತಾ ಹುಡುಕಬೇಕು. ರಾತ್ರಿ ಉಳಿಸಿದ ಸಮಯವನ್ನ ಆಪತ್ತಿನ ದಿನ ಬಡ್ಡಿ ಸಮೇತ ಕಟ್ಟೋದು ಅಂದರೆ ಇದೇ.

ಈಗ ಇದರಲ್ಲಿ ನಮ್ಮವರ ಪಾಲೇನು ನೋಡಿ. ಅಮೆರಿಕ, ಯೂರೋಪಿನ ಎಷ್ಟೋ ಕಂಪನಿಗಳ ಬ್ಯಾಕಪ್ ನೋಡಿಕೊಳ್ಳೋ ತಂಡಗಳು ಕೂತಿರೋದು ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ. ನ್ಯೂಯಾರ್ಕಿನಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಬೇಸಿಗೆಯಾದರೆ ಬೆಳಗ್ಗೆ ಒಂಬತ್ತೂವರೆ. ಅಲ್ಲಿ ಕಿಟಕಿ ತೆರೆಯುವಾಗ ಇಲ್ಲಿ ಇಡ್ಲಿ ವಡೆ ಮುಗಿಸಿ ಕೂತಿರ್ತಾರೆ. ಐವತ್ತರ ದಶಕದ ಆಪರೇಟರ್ ಕೆಲಸ ಸಮುದ್ರ ದಾಟಿ ಇಲ್ಲಿಗೆ ಬಂದಿದೆ, ಒಂದು ವ್ಯತ್ಯಾಸದೊಂದಿಗೆ. ಅವನಿಗೆ ಯಾವುದು ಸಂಬಳದ ರೀಲು ಅಂತ ಗೊತ್ತಿತ್ತು. ಇವನಿಗೆ ಕಾಣೋದು ಸರ್ವರ್ ಹೆಸರು, ಒಂದು ಸಂಖ್ಯೆ, ಒಂದು ಬಣ್ಣ. ಆ ಸರ್ವರ್‌ನಲ್ಲಿ ಆಸ್ಪತ್ರೆಯ ಎಕ್ಸ್‌ರೇ ಇದೆಯೋ ಯಾರದ್ದೋ ಹಳೆ ಪ್ರೆಸೆಂಟೇಷನ್ ಇದೆಯೋ ಹೇಳೋರಿಲ್ಲ.

ಮತ್ತೆ ಆ ಸಂಖ್ಯೆಗಳಿಗೆ ಹಣದುಬ್ಬರ ಹಿಡಿಯುತ್ತೆ. ಹೊಸ ಪ್ರಾಜೆಕ್ಟ್ ಬಂದಾಗಲೆಲ್ಲ ‘ನಮ್ಮದು ಕ್ರಿಟಿಕಲ್’ ಅಂತಾರೆ. ಅಳೋ ಮಗುವಿಗೆ ಹಾಲು. ಮೂರು ವರ್ಷ ಕಳೆಯೋದರಲ್ಲಿ ಮುಕ್ಕಾಲು ಪಾಲು ಸರ್ವರ್‌ಗಳು ಮೊದಲ ಪಂಕ್ತಿಯಲ್ಲಿರ್ತವೆ. ಎಲ್ಲರೂ ವಿಐಪಿಗಳಾದ ಮೇಲೆ ವಿಐಪಿ ಸಾಲೇ ಧರ್ಮದರ್ಶನದ ಸಾಲು. ಉಳಿದ ಕಾಲು ಪಾಲಿನ ಗತಿ? ಅವು ಫೇಲ್ ಆಗಲ್ಲ. ಫೇಲ್ ಆದ ಜಾಬ್ ಕೆಂಪು ಬಣ್ಣ ತೋರಿಸುತ್ತೆ, ಮೇಲ್ ಕಳಿಸುತ್ತೆ, ನಾಲ್ಕು ಜನರನ್ನ ಎಬ್ಬಿಸುತ್ತೆ. ಇವು ‘ಕ್ಯೂಡ್’ ಅಂತ ತೆಪ್ಪಗೆ ನಿಂತಿರ್ತವೆ. ನೆಟ್‌ಬ್ಯಾಕಪ್‌ನಲ್ಲಿ ಕೆಲಸ ಮಾಡಿದವರಿಗೆ 196 ಅನ್ನೋ ಸಂಕೇತ ಬಾಯಿಪಾಠ. ಅದರ ಅರ್ಥ, ಕಿಟಕಿ ಮುಚ್ಚಿತು, ಆದ್ದರಿಂದ ಈ ಬ್ಯಾಕಪ್‌ಗೆ ಪ್ರಯತ್ನವನ್ನೇ ಮಾಡಲಿಲ್ಲ. ಒಂದು ರಾತ್ರಿ 196 ಬಂದರೆ ಪರವಾಗಿಲ್ಲ, ನಾಳೆ ಆಗುತ್ತೆ. ನಾಳೆಯೂ ಅದೇ ಸಂಖ್ಯೆ, ಅದೇ ಸಾಲು. ರಿಪೋರ್ಟಿನಲ್ಲಿ 97 ಪರ್ಸೆಂಟ್ ಸಕ್ಸಸ್ ಅಂತ ಹಸಿರಾಗಿ ಕಾಣ್ತಿರುತ್ತೆ. ಉಳಿದ 3 ಪರ್ಸೆಂಟ್ ದಿನಾ ಬೇರೆ ಬೇರೆಯವರದ್ದಾ, ಇಲ್ಲಾ ದಿನಾ ಅದೇ ನಾಲ್ಕು ಬಡಪಾಯಿ ಸರ್ವರ್‌ಗಳದ್ದಾ ಅಂತ ಯಾರೂ ಕೇಳಲ್ಲ. ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ.

ಟೇಪ್ ಹಳೇ ಕಾಲದ್ದು, ಈಗೆಲ್ಲ ಕ್ಲೌಡ್ ಅಲ್ವಾ ಅಂತೀರೇನೋ. 2011ರ ಫೆಬ್ರವರಿ 27ರಂದು ಜಿಮೇಲ್ ಬಳಸೋರಲ್ಲಿ ಸುಮಾರು ಶೇಕಡಾ 0.02ರಷ್ಟು ಜನರ ಮೇಲ್‌ಗಳು ಮಾಯವಾದವು. ಗೂಗಲ್ ಹತ್ತಿರ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಪ್ರತಿಗಳಿದ್ದವು. ಆದರೆ ಸಾಫ್ಟ್‌ವೇರ್ ದೋಷ ಆ ಪ್ರತಿಗಳನ್ನೂ ತಿಂದುಹಾಕಿತ್ತು. ಕೊನೆಗೆ ಮೇಲ್‌ಗಳು ವಾಪಸ್ ಬಂದದ್ದು ಆಫ್‌ಲೈನ್ ಇಟ್ಟಿದ್ದ ಟೇಪಿನಿಂದ, ಕ್ಷಣಾರ್ಧದಲ್ಲಲ್ಲ, ಗಂಟೆಗಟ್ಟಲೆ ಕಾದು. ಈಗ ರ‍್ಯಾನ್ಸಮ್‌ವೇರ್ ಕಾಟ ಹೆಚ್ಚಾದ ಮೇಲೆ ನೆಟ್‌ವರ್ಕಿಗೇ ಸಿಗದೆ ಕಪಾಟಿನಲ್ಲಿ ಕೂತಿರೋ ಟೇಪಿಗೆ ಮತ್ತೆ ಮರ್ಯಾದೆ ಬಂದಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ? ಬಾಗಿಲು ಹಾಕೋ ಸರದಿ ಆ ರಾತ್ರಿಯೇ ಬಂದಿರಬೇಕಿತ್ತು.

ಎಪ್ಪತ್ತು ವರ್ಷದ ಈ ಚರಿತ್ರೆಯಲ್ಲಿ ಯಂತ್ರಗಳೆಲ್ಲ ಬದಲಾದವು. ಆಪರೇಟರ್ ಜಾಗಕ್ಕೆ ರೋಬೋಟ್ ಬಂತು, ಕಾರ್ಡಿನ ಕಟ್ಟಿನ ಜಾಗಕ್ಕೆ ವೆಬ್ ಪೇಜ್ ಬಂತು. ಬದಲಾಗದೆ ಉಳಿದದ್ದು ಸಾಲು, ಮತ್ತು ಯಾರನ್ನ ಕಾಯಿಸಬೇಕು ಅನ್ನೋ ತೀರ್ಮಾನ. ಅದನ್ನ ಸಂಖ್ಯೆಯ ಕೈಗೆ ಕೊಟ್ಟು ನಾವು ನಿರಾಳವಾದೆವು. ಹೂಸ್ಟನ್ನಿನ ಪರಂಪರೆಯವರು ಕಾದವನಿಗೆ ವಯಸ್ಸು ಕೊಟ್ಟರು, ಮೇರಿಲ್ಯಾಂಡಿನವರು ಹೊರೆಯನ್ನೇ ಹಂಚಿದರು, ಟಿವೊಲಿಯವರು ಕಷ್ಟದಲ್ಲಿರೋನಿಗೆ ಎದ್ದು ಜಾಗ ಕೊಡಿಸಿದರು. ಈ ಮೂರೂ ಉಪಾಯಗಳು ಇವತ್ತಿಗೂ ಉಚಿತವಾಗಿ ಸಿಗ್ತವೆ. ಇವುಗಳ ಜೊತೆಗೆ ವಾರಕ್ಕೊಮ್ಮೆ ಒಬ್ಬರು ಕೂತು ಒಂದೇ ಒಂದು ಪಟ್ಟಿ ತೆಗೆದರೆ ಸಾಕು. ನಿನ್ನೆ ಯಾವ್ಯಾವುದು ಫೇಲ್ ಆಯ್ತು ಅನ್ನೋ ಪಟ್ಟಿ ಅಲ್ಲ, ಅದು ಎಲ್ಲರ ಹತ್ತಿರವೂ ಇದೆ. ಕೊನೆಯ ಸಲ ಸರದಿ ಸಿಕ್ಕಿ ಅತಿ ಹೆಚ್ಚು ದಿನ ಆದದ್ದು ಯಾರಿಗೆ ಅನ್ನೋ ಪಟ್ಟಿ.